ಕಡ್ಡಿ ಎಣಿಸಿದರೆ ಸಾಕೇ?



ಭಿಕ್ಖುಸಂಘಕ್ಕೆ ಮತದಾನದ ನಿಯಮಗಳು ಗೊತ್ತಿದ್ದವು ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ನೆನಪಿಸಿದರು. ವಿನಯಪಿಟಕದಲ್ಲಿ ಬಣ್ಣದ ಕಡ್ಡಿ ಹಂಚಿ ಗುಟ್ಟಾಗಿ ಮತ ಪಡೆಯುವ ಕ್ರಮವಿದೆ. ಅಧಮ್ಮದ ಕಡೆಯವರೇ ಹೆಚ್ಚಾದರೆ ಆ ಎಣಿಕೆ ರದ್ದು! ಎಣಿಸುವವನೊಬ್ಬನಿಗೆ ಇಷ್ಟು ಅಧಿಕಾರ ನನಗೇನೋ ಸರಿ ಕಾಣುವುದಿಲ್ಲ. ಬಾಬಾಸಾಹೇಬರು ಅದನ್ನು ವ್ಯಕ್ತಿಗೆ ಬಿಡದೆ ಮೂಲಭೂತ ಹಕ್ಕುಗಳಿಗೆ ಕೊಟ್ಟರು.

ಆಳಂದ, ಅಫಜಲಪುರ, ಜೇವರ್ಗಿಯ ಯಾವ ಗ್ರಾಮಸಭೆಯಲ್ಲೂ ನೂರು ಕೈ ಎದ್ದರೂ ಊರ ಬಾವಿ ನಮಗೆ ಮುಚ್ಚಲಾಗದು. 15, 17ನೇ ವಿಧಿಗಳಿವೆ. ಆದರೆ ಊರ ಕಮಾನು ಮೊದಲೋ, ನಮ್ಮ ಓಣಿಯ ಚರಂಡಿ ಮೊದಲೋ ಎಂಬಲ್ಲಿ ಕೈಗಳದೇ ಲೆಕ್ಕ. ಕೂಲಿ ಕೊಡುವ ಸಾಹುಕಾರ ಎದುರಿಗೇ ಕೂತಿರುತ್ತಾನೆ. ನಮ್ಮವರ ಕೈ ಅರ್ಧಕ್ಕೇ ನಿಲ್ಲುತ್ತದೆ. ಇಂಥ ಠರಾವಿಗೆ ಚೀಟಿಯ ಮತ ಬೇಕೆಂದು ಮುಂದಿನ ಸಭೆಯಲ್ಲಿ ಕೇಳೋಣ.