ತಡೆದರೆ ಸಾಲದು, ತೆಗೆಯಬೇಕು

ಆಗಸ್ಟ್ ಬಂತೆಂದರೆ ಮಲ್ಪೆ ಬಂದರಿನಲ್ಲಿ ಬೋಟುಗಳ ಇಂಜಿನ್ ಸದ್ದು ಮತ್ತೆ ಶುರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಷ್ಟು ದಿನ ಮಳೆಗಾಳಿಯಲ್ಲಿ ನಿಂತ ಬೋಟಿನ ಟ್ಯಾಂಕು ಅರ್ಧ ಖಾಲಿಯಿದ್ದರೆ, ಒಳಗಿನ ತೇವದ ಗಾಳಿ ತಣಿದು ಗೋಡೆಯ ಮೇಲೆ ಬೆವರಾಗಿ ಇಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ. ಸದ್ದಿಲ್ಲದೆ ತಳ ಸೇರುತ್ತದೆ. ನಡುಗಡಲಲ್ಲಿ ಇಂಜಿನ್ ಕೈಕೊಡಲು ಅಷ್ಟು ಸಾಕು.

ಪಂಪು, ಇಂಜೆಕ್ಟರುಗಳನ್ನು ಸವೆಯದಂತೆ ಕಾಯುವುದು ಡೀಸೆಲ್ಲಿನದೇ ಜಿಡ್ಡು. ನೀರಿಗೆ ಆ ಜಿಡ್ಡಿಲ್ಲ. ಅದು ನುಗ್ಗಿದ ಕಡೆ ಲೋಹಕ್ಕೆ ಲೋಹ ಉಜ್ಜುತ್ತದೆ, ತುಕ್ಕು ಹತ್ತುತ್ತದೆ. ಇಂದಿನ ಕಾಮನ್‌ರೈಲ್ ಇಂಜಿನ್ನುಗಳಲ್ಲಂತೂ ಡೀಸೆಲ್ಲಿನ ಒತ್ತಡ 2000 ಬಾರ್ ಆಸುಪಾಸು. ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್. ಸಾಲದ್ದಕ್ಕೆ, ನೀರೂ ಡೀಸೆಲ್ಲೂ ತಾಗುವ ಗಡಿಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆದು ಲೋಳೆ ಕಟ್ಟುತ್ತವೆ.

ಈ ನೀರನ್ನು ತಡೆಯಲು ಡೀಸೆಲ್ ಫಿಲ್ಟರಿನ ಕಾಗದಕ್ಕೆ ಹಿತ್ತಿಲ ಕೆಸುವಿನೆಲೆಯ ಗುಣವನ್ನು ಕೊಟ್ಟಿದ್ದಾರೆ. ಆ ಎಲೆಯ ಮೇಲೆ ಬಿದ್ದ ಮಳೆಹನಿ ಅಂಟದೆ ಮಣಿಯಾಗಿ ಉರುಳುತ್ತದಲ್ಲ, ಸಿಲಿಕೋನ್ ಲೇಪ ಕೊಟ್ಟ ಕಾಗದದ ಮೇಲೂ ಹಾಗೆಯೇ. ನೀರಿನ ಮೇಲ್ಮೈ ಎಳೆತ ಡೀಸೆಲ್ಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಡೀಸೆಲ್ ನಾರುಗಳನ್ನು ನೆನೆಸುತ್ತಾ ಸಲೀಸಾಗಿ ದಾಟುತ್ತದೆ. ನೀರು ರಂಧ್ರದ ಬಾಯಲ್ಲೇ ಗುಂಡಗಾಗಿ ನಿಲ್ಲುತ್ತದೆ. ರಂಧ್ರ ಸಣ್ಣದಾದಷ್ಟೂ ಅದನ್ನು ಒಳನೂಕಲು ಹೆಚ್ಚು ಒತ್ತಡ ಬೇಕು. 2004ರಲ್ಲಿ ಚೀನಾದ ವಿಜ್ಞಾನಿ ಲೇ ಜಿಯಾಂಗ್ ಅವರ ತಂಡ ಟೆಫ್ಲಾನ್ ಲೇಪಿಸಿದ ಉಕ್ಕಿನ ಬಲೆಯಿಂದ ಇದನ್ನೇ ಇನ್ನೂ ಸ್ಪಷ್ಟವಾಗಿ ತೋರಿಸಿತು: ಡೀಸೆಲ್ ಬಲೆಯ ಮೂಲಕ ಇಳಿದುಹೋಯಿತು, ನೀರು ಮೇಲೆಯೇ ಉಳಿಯಿತು.

ಆದರೆ ಕಾಗದದ ಕೆಲಸ ಈಗ ಮೊದಲಿನಷ್ಟು ಸುಲಭವಿಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಡೀಸೆಲ್ಲಿನಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಾಳಿಗೆ ಅದು ಒಳ್ಳೆಯದೇ. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಿಡ್ಡೂ ತಗ್ಗುವುದರಿಂದ ಜಿಡ್ಡಿನ ರಾಸಾಯನಿಕಗಳನ್ನು ಬೆರೆಸಬೇಕಾಗುತ್ತದೆ. ಇವು, ಹಾಗೆಯೇ ಜೈವಿಕ ಡೀಸೆಲ್ಲಿನ ಕೆಲವು ಅಂಶಗಳು, ನೀರಿಗೂ ಡೀಸೆಲ್ಲಿಗೂ ನಡುವಿನ ಬಿಗುವನ್ನು ಸಡಿಲಿಸುತ್ತವೆ. ಆಗ ಹನಿ ಒಡೆದು ಸೂಕ್ಷ್ಮ ಕಣಗಳಾಗಿ ತೇಲುತ್ತದೆ, ಡೀಸೆಲ್ ಮಬ್ಬಾಗುತ್ತದೆ, ನೀರು ನುಸುಳಿಕೊಳ್ಳುತ್ತದೆ. ಅದಕ್ಕೇ ಹಲವು ಹೊಸ ಫಿಲ್ಟರುಗಳಲ್ಲಿ ಮೊದಲು ಗಾಜಿನ ನಾರಿನ ಪದರವೊಂದು ಈ ಕಣಗಳನ್ನು ಹಿಡಿದು ಒಂದಕ್ಕೊಂದು ಕೂಡಿಸಿ ದೊಡ್ಡ ಹನಿ ಮಾಡುತ್ತದೆ. ಆಮೇಲಿನ ಪದರ ಅವನ್ನು ತಡೆಯುತ್ತದೆ.

ಇಷ್ಟಾದ ಮೇಲೂ ನೀರು ಹೋಗಿಬಿಟ್ಟಿರುವುದಿಲ್ಲ. ಫಿಲ್ಟರಿನ ಕೆಳಗಿನ ಬಟ್ಟಲಲ್ಲಿ ಕೂತಿರುತ್ತದೆ. ಬಟ್ಟಲು ಪಾರದರ್ಶಕವಾಗಿದ್ದರೆ ಕಣ್ಣಿಗೇ ಕಾಣುತ್ತದೆ: ಮೇಲೆ ಹಳದಿ ಡೀಸೆಲ್, ಕೆಳಗೆ ಬಣ್ಣವಿಲ್ಲದ ನೀರು, ನಡುವೆ ಗೆರೆ ಎಳೆದಂಥ ಗಡಿ. ತಳದ ಸ್ಕ್ರೂ ಸಡಿಲಿಸಿದರೆ ಮೊದಲು ನೀರು ಬರುತ್ತದೆ, ಹಿಂದೆಯೇ ಡೀಸೆಲ್. ಆಗ ಬಿಗಿಮಾಡಿ, ಗಾಳಿ ಹೊಕ್ಕಿದ್ದರೆ ಹ್ಯಾಂಡ್‌ಪಂಪ್ ಒತ್ತಿ ಹೊರಹಾಕಿದರೆ ಕೆಲಸ ಮುಗಿಯಿತು. ಇಷ್ಟನ್ನು ಮಾಡದೆ ಬಿಟ್ಟರೆ ನೀರಿನ ಮಟ್ಟ ಏರುತ್ತಾ ಕಾಗದವನ್ನೇ ಮುಟ್ಟುತ್ತದೆ. ಆಮೇಲೆ ಎಂಥ ಲೇಪವಿದ್ದರೂ ಪಂಪಿನ ಸೆಳೆತಕ್ಕೆ ನೀರು ಒಳಹೋಗಿಯೇ ಹೋಗುತ್ತದೆ.

ಮನಸ್ಸಿನ ಮಾತೂ ಇದೇ. ಯಾರೋ ಆಡಿದ ಕಟುಮಾತನ್ನು ‘ತಲೆಗೆ ಹಾಕಿಕೊಳ್ಳಲಿಲ್ಲ’ ಎನ್ನುತ್ತೇವೆ. ತಡೆದದ್ದು ನಿಜ, ಅದು ದೊಡ್ಡ ಶಕ್ತಿಯೂ ಹೌದು. ಆದರೆ ಆಡಿ ತೀರಿಸದ, ಕ್ಷಮಿಸಿ ಮರೆಯದ ಮಾತು ತಳದಲ್ಲಿ ಸೇರುತ್ತಲೇ ಇರುತ್ತದೆ. ಎಂದೋ ಒಂದು ದಿನ, ಸಂಬಂಧವೇ ಇಲ್ಲದ ಸಣ್ಣ ಕಾರಣಕ್ಕೆ, ಮನೆಯವರ ಮೇಲೆ ಸಿಡಿಯುತ್ತೇವೆ. ತಾಳ್ಮೆ ಕೆಟ್ಟಿತೆಂದು ಆಗ ನಮ್ಮನ್ನೇ ಹಳಿದುಕೊಳ್ಳುತ್ತೇವೆ. ತಾಳ್ಮೆ ತನ್ನ ಕೆಲಸ ಮಾಡಿತ್ತು. ಅದು ತಡೆದಿಟ್ಟದ್ದನ್ನು ಹೊರಹಾಕುವ ಕೆಲಸ ನಮ್ಮದಾಗಿತ್ತು. ನೋವು ಕೊಟ್ಟವರ ಬಳಿ ಕೂತು ‘ಅಂದು ನೀವು ಆಡಿದ ಮಾತಿನಿಂದ ನನಗೆ ನೋವಾಯಿತು’ ಎಂದು ಸಮಾಧಾನವಾಗಿ ಹೇಳುವುದಕ್ಕೆ ಹತ್ತು ನಿಮಿಷ ಸಾಕು. ಬಟ್ಟಲು ತುಂಬುವ ಮೊದಲೇ ಆ ಹತ್ತು ನಿಮಿಷ ಕೊಡೋಣ.