ನೆನಪು ಹೋದರೆ ಮನುಷ್ಯ ಹೋದನೇ?

ನೀರಿನಲ್ಲಿ ಕರಗಿದ ಖನಿಜ ಮೈಗೆ ಏನು ಮಾಡಬಲ್ಲದು ಎಂಬುದನ್ನು ಕೊಪ್ಪಳ ಜಿಲ್ಲೆಯ ತಾವರಗೇರಾದ ಕಡೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಬೋರ್‌ವೆಲ್ ನೀರಿನ ಫ್ಲೋರೈಡ್ ಎಷ್ಟೋ ಜನರ ಹಲ್ಲಿಗೆ ಕಲೆ ತಂದಿದೆ, ಕೀಲುಗಳನ್ನು ಬಿಗಿಸಿದೆ. ಹಿತಮಿತದಲ್ಲಿ ಹಲ್ಲು ಗಟ್ಟಿ ಮಾಡುವ ಅದೇ ಫ್ಲೋರೈಡ್, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅಪಾಯ.

ಈಗ ಇನ್ನೊಂದು ಖನಿಜದ ಮಾತು ಎದ್ದಿದೆ. ಹಾರ್ವರ್ಡ್ ವೈದ್ಯಕೀಯ ಶಾಲೆಯ ಬ್ರೂಸ್ ಯಾಂಕ್ನರ್ ತಂಡ 2025ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿತು. ಅಲ್ಝೈಮರ್ ರೋಗಿಗಳ ಮೆದುಳಿನಲ್ಲಿ, ಮರೆವು ಆಗಷ್ಟೇ ಶುರುವಾಗಿದ್ದವರ ಮೆದುಳಿನಲ್ಲೂ, ಲಿಥಿಯಂ ಕಡಿಮೆಯಿತ್ತು. ಅಲ್ಲಿ ಕಟ್ಟಿಕೊಳ್ಳುವ ಅಮಿಲಾಯ್ಡ್ ಗಂಟುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಲಿಥಿಯಂ ಓರೊಟೇಟ್ ಎಂಬ ಲವಣವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಇಲಿಗಳ ನೆನಪು ಮರಳಿತು. ಇಲಿಗಳಲ್ಲಿ ಕಂಡ ಈ ಫಲ ಮನುಷ್ಯರಲ್ಲಿ ಸಾಬೀತಾಗುವುದು ಬಾಕಿಯಿದೆ.

ಮನುಷ್ಯರ ಬಗ್ಗೆ ಸುಳಿವುಗಳೇ ಇಲ್ಲವೆಂದಲ್ಲ. ಡೆನ್ಮಾರ್ಕ್‌ನಲ್ಲಿ 73 ಸಾವಿರಕ್ಕೂ ಹೆಚ್ಚು ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಡಿಯುವ ನೀರಿನ ಲಿಥಿಯಂ ಲೀಟರಿಗೆ 15 ಮೈಕ್ರೋಗ್ರಾಂ ಮೀರಿದ ಕಡೆ ರೋಗ ಕಡಿಮೆ ಕಂಡಿತು. ಆದರೆ 5ರಿಂದ 10 ಮೈಕ್ರೋಗ್ರಾಂ ಇದ್ದ ಕಡೆ, ಅದಕ್ಕಿಂತ ಕಡಿಮೆ ಇದ್ದ ಊರುಗಳಿಗಿಂತಲೂ ಹೆಚ್ಚಿತ್ತು! ಬ್ರೆಜಿಲ್‌ನ 2013ರ ಸಣ್ಣ ಪ್ರಯೋಗದಲ್ಲಿ ದಿನಕ್ಕೆ 300 ಮೈಕ್ರೋಗ್ರಾಂ ಲಿಥಿಯಂ ಪಡೆದ ಅಲ್ಝೈಮರ್ ರೋಗಿಗಳ ಮರೆವು 15 ತಿಂಗಳು ಹೆಚ್ಚಾಗದೆ ನಿಂತಿತು.

ಇಂಥ ಅರೆಬೆಳಕಿನಲ್ಲಿ ನಡೆಯುವ ಬಗೆ ಕೊಪ್ಪಳದ ನೆಲಕ್ಕೆ ಹಳೆಯ ಪರಿಚಯ. ಈ ಊರು ಕೊಪಣವೆಂಬ ಹೆಸರಿನ ಜೈನ ತೀರ್ಥವಾಗಿತ್ತು. ಯಾವ ಮಾತೂ ಒಂದು ನೆಲೆಯಿಂದ ಮಾತ್ರ ನಿಜ, ಆ ನೆಲೆ ಯಾವುದೆಂದು ಹೇಳದೆ ತೀರ್ಪು ಕೊಡಬಾರದು ಎಂಬುದು ಜೈನರ ಸ್ಯಾದ್ವಾದ. ಇಲಿಯ ನೆಲೆಯಿಂದ ಲಿಥಿಯಂ ನೆನಪನ್ನು ಕಾಯುತ್ತದೆ. ಮನುಷ್ಯನ ನೆಲೆಯಿಂದ, ಕಾಯಬಹುದು. ಮೂತ್ರಪಿಂಡದ ನೆಲೆಯಿಂದ, ಪ್ರಮಾಣ ಮೀರಿದರೆ ಕೆಡಿಸುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಮದ್ದೆಂದು ತೋರಿಸಿದ ಮೇಲೆ ಮನೋವೈದ್ಯರು ಅದನ್ನು ಕೊಡುತ್ತಲೇ ಬಂದಿದ್ದಾರೆ, ಆದರೆ ರಕ್ತ ಪರೀಕ್ಷೆಯ ಕಾವಲಿನಲ್ಲಿ. ಬಿಸಿಲಿಗೆ ಮೈಯ ನೀರು ಬತ್ತಿದಾಗ, ಬಿಪಿಯ ಕೆಲವು ಮಾತ್ರೆ, ನೋವಿನ ಮಾತ್ರೆ ಜೊತೆಗೂಡಿದಾಗ ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಮೈಕ್ರೋಗ್ರಾಂ ಲೆಕ್ಕದ ಪ್ರಮಾಣ ಆ ಚಿಕಿತ್ಸೆಗಿಂತ ಬಹಳ ಚಿಕ್ಕದು ನಿಜ. ಹಾಗೆಂದು ಬಿರುಬೇಸಿಗೆಯ ತಾವರಗೇರಾದಲ್ಲಿ ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗಲು ಅದು ಪರವಾನಗಿಯಲ್ಲ.

ಮಾತ್ರೆಯತ್ತ ಕೈ ಚಾಚಿಸುವುದು ಭಯ. ನೆನಪು ಅಳಿದರೆ ತಾನೇ ಅಳಿದೆನೆಂಬ ಭಯ.

ಅದು ನಿಜವೇ? ಬಾಲ್ಯದಲ್ಲಿ ಕಂಡವನೂ ಮುಪ್ಪಿನಲ್ಲಿ ನೆನೆಯುವವನೂ ಒಬ್ಬನೇ ಆಗಿರಬೇಕು, ಆದ್ದರಿಂದ ಆತ್ಮ ಇದೆ ಎಂದು ನ್ಯಾಯದರ್ಶನ ವಾದಿಸಿತು. ಅಲ್ಲಿ ನೆನಪು ಆತ್ಮದ ಗುರುತು, ಆತ್ಮವೇ ಅಲ್ಲ. ಬೌದ್ಧರು ನೆನಪಿಗೊಬ್ಬ ಒಡೆಯನೇ ಬೇಕಿಲ್ಲ ಎಂದರು; ಒಂದು ಕ್ಷಣದ ಸಂಸ್ಕಾರ ಮುಂದಿನ ಕ್ಷಣಕ್ಕೆ ಹರಿಯುತ್ತದೆ, ಅಷ್ಟೆ. ಶಂಕರರು ನೆನಪನ್ನೇ ಮುಂದಿಟ್ಟು ಬೌದ್ಧರ ಕ್ಷಣಿಕವಾದವನ್ನು ಖಂಡಿಸಿದರೂ, ಏನೂ ತೋರದ ಗಾಢ ನಿದ್ರೆಯಲ್ಲೂ ಅರಿವು ಅಳಿಯದೆಂದರು. ಇಷ್ಟು ಜಗಳವಾಡಿದವರಲ್ಲಿ ಯಾರೂ ನೆನಪಿನ ಗಂಟನ್ನೇ ಮನುಷ್ಯ ಎನ್ನಲಿಲ್ಲ.

ಶಾಸ್ತ್ರ ಬಿಟ್ಟು ಮನೆಯೊಳಗೆ ಬಂದರೂ ಉತ್ತರ ಅದೇ. ಲಿಂಗಾಯತ ಮನೆಗಳಲ್ಲಿ, ಏನೊಂದೂ ನೆನಪಿಲ್ಲದ ಹಸುಗೂಸಿಗೆ ಲಿಂಗ ಕಟ್ಟುತ್ತಾರೆ. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳುತ್ತಾರೆ. ಬುದ್ಧಿ ಸ್ವಾಧೀನ ತಪ್ಪಿದವರಿಗೆ ನಮಾಜಿನ ಕಡ್ಡಾಯವಿಲ್ಲ, ಆದರೆ ಗೌರವ ಹಾಗೇ ಉಳಿಯುತ್ತದೆ. ನೆನಪು ಮೊಳೆಯುವ ಮೊದಲೇ ಕೂಸನ್ನು ತನ್ನದೆಂದು ಒಪ್ಪಿಕೊಂಡ ಸಮುದಾಯಕ್ಕೆ, ನೆನಪು ಉದುರಿದ ಅಜ್ಜಿಯನ್ನು ‘ಅರಳುಮರಳು’ ಎಂದು ಮೂಲೆಗೆ ಕೂರಿಸಲು ಯಾವ ಧರ್ಮದ ಆಧಾರವೂ ಇಲ್ಲ.

ಹಾಗೆಂದು ನೆನಪನ್ನು ಕಾಯುವುದು ವ್ಯರ್ಥವಲ್ಲ. ದೇಹವನ್ನೇ ದೇಗುಲವೆಂದ ಶರಣರ ನಾಡಿನಲ್ಲಿ ಅದೂ ಕರ್ತವ್ಯವೇ. ಭಯ ತಗ್ಗಿದಾಗ ಆ ಕರ್ತವ್ಯ ಎಲ್ಲಿಂದ ಶುರುವಾಗಬೇಕೆಂಬುದು ಕಾಣುತ್ತದೆ. ಲಾನ್ಸೆಟ್ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ: ಕಿವುಡು, ಬಿಪಿ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ, ಬಾಲ್ಯದಲ್ಲಿ ಸಿಗದ ಓದು ಮೊದಲಾದವು. ಇವನ್ನೆಲ್ಲ ನಿವಾರಿಸಿದರೆ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 60ನ್ನೂ ಮುಟ್ಟಿರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ಓದಬೇಕು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ನಲವತ್ತೈದು ದಾಟಿದವರ ನೆನಪನ್ನು ಮತ್ತೆ ಮತ್ತೆ ಪರೀಕ್ಷಿಸುತ್ತ ಬಂದಿದೆ. ಅಂಥ ಕೆಲಸ ತಾವರಗೇರಾದ ಕಡೆಗೂ ಬರಬೇಕು. ಫ್ಲೋರೈಡ್ ಅಳೆಯಲು ಬೋರ್‌ವೆಲ್ ನೀರು ಒಯ್ಯುವಾಗ ಲಿಥಿಯಂ ಕೂಡ ಅಳೆಯಲಿ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಹಿರಿಯರ ಬಿಪಿಯ ಜೊತೆ ಕಿವಿ ಕೇಳಿಸುತ್ತದೆಯೇ ಎಂದೂ ವಿಚಾರಿಸಲಿ.