ತಟ್ಟೆಯ ಮೀನು ಮತ್ತು ಅನುಮಾನ ಪ್ರಮಾಣ

ಭಾರತೀಯ ತರ್ಕಶಾಸ್ತ್ರದಲ್ಲಿ ಪ್ರಮಾಣವೆಂದರೆ ಯಥಾರ್ಥ ಜ್ಞಾನವನ್ನು ಉಂಟುಮಾಡುವ ಸಾಧನ. ಮಾರಾಟದ ಮೀನು ಸುರಕ್ಷಿತವೆಂಬ ತಿಳಿವು ಯಾವ ಪ್ರಮಾಣದಿಂದ ದೊರೆಯುತ್ತದೆ ಎಂಬುದು ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ. ಕಿವಿರಿನ ಕೆಂಪನ್ನೂ ಕಣ್ಣಿನ ಹೊಳಪನ್ನೂ ನೋಡಿ ಕೊಳ್ಳುವವರು ಪ್ರತ್ಯಕ್ಷವನ್ನು ನಂಬುತ್ತಾರೆ. ಆದರೆ ಬಂಗುಡೆ, ಟ್ಯೂನಾಗಳಂಥ ಮೀನುಗಳು ಸಾಕಷ್ಟು ಮಂಜುಗಡ್ಡೆಯಿಲ್ಲದೆ ಉಳಿದಾಗ ಬ್ಯಾಕ್ಟೀರಿಯಾಗಳು ಅವುಗಳ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಹಿಸ್ಟಮೈನ್ ಆಗಿ ಮಾರ್ಪಡಿಸುತ್ತವೆ. ಮೈ ಕೆಂಪೇರಿಸಿ ತಲೆನೋವು ತರುವ ಈ ವಸ್ತು ಬೇಯಿಸಿದರೂ ನಾಶವಾಗದು, ಮೂಗಿಗೆ ಸಿಗಲೇಬೇಕೆಂದೂ ಇಲ್ಲ.

ಆದ್ದರಿಂದ ಪ್ರಯೋಗಾಲಯವು ಅನುಮಾನವನ್ನು, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ನಿಶ್ಚಯಿಸುವ ಕ್ರಮವನ್ನು, ಆಶ್ರಯಿಸುತ್ತದೆ. ಐರೋಪ್ಯ ಒಕ್ಕೂಟದ 2005ರ ನಿಯಮದಲ್ಲಿ ಇಂಥ ಮೀನಿನ ಒಂದು ರಾಶಿಯಿಂದ 9 ಮಾದರಿಗಳನ್ನು ತೆಗೆಯಬೇಕು; ಹಿಸ್ಟಮೈನ್‌ನ ಸರಾಸರಿ ಕಿಲೋಗೆ 100 ಮಿಲಿಗ್ರಾಂ ಮೀರದೆ, 2ಕ್ಕಿಂತ ಹೆಚ್ಚು ಮಾದರಿಗಳು 100 ಮತ್ತು 200ರ ನಡುವೆ ಬೀಳದೆ, ಯಾವುದೂ 200 ದಾಟದಿದ್ದರೆ ಇಡೀ ರಾಶಿ ಒಪ್ಪಿತವಾಗುತ್ತದೆ. ಎರಡು ಮಾದರಿಗಳಿಗೆ ನೀಡಿದ ಈ ವಿನಾಯಿತಿಯೇ ತಾತ್ವಿಕವಾಗಿ ಕುತೂಹಲಕರ: ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತಾರ್ಕಿಕರು, ಅನುಮಾನಕ್ಕೆ ಬೇಡುವ ವ್ಯಾಪ್ತಿ, ಎಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬಂಥ ತಪ್ಪದ ಸಂಬಂಧ, ಇಲ್ಲಿ ಮೊದಲೇ ಕೈಬಿಟ್ಟುಹೋಗಿದೆ, ಏಕೆಂದರೆ ಹಿಸ್ಟಮೈನ್ ಒಂದೇ ಮೀನಿನ ಮೈಯಲ್ಲೂ ಸಮನಾಗಿ ಹರಡಿರುವುದಿಲ್ಲ. ಅನುಮಾನವನ್ನೇ ತಳ್ಳಿಹಾಕಿದ ಚಾರ್ವಾಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುತ್ತಿರಲಿಲ್ಲ. ಆದರೂ ಅವರ ಮಾತು ಒಪ್ಪಬೇಕಾದುದಲ್ಲ, ಏಕೆಂದರೆ ಸಂಭವನೀಯತೆಯೂ ಅಜ್ಞಾನಕ್ಕಿಂತ ಮೇಲು. ಪರೀಕ್ಷೆಗೆ ಒಳಗಾದ ತುಂಡು ಅರೆದುಹೋಗುವುದರಿಂದ ತಿನ್ನುವವರ ಪಾಲಿಗೆ ಬರುವುದು ಎಂದಿಗೂ ಪರೀಕ್ಷಿಸದ ತುಂಡೇ. ಅವರಿಗೆ ಉಳಿಯುವುದು ಶಬ್ದ ಪ್ರಮಾಣ, ಅಂದರೆ ನಂಬಲರ್ಹರ ಮಾತು, ಮತ್ತು ಆ ಅರ್ಹತೆಯನ್ನು ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ.